ಗುಂಡಿಯ ಬಳಿ ಕಲಿತ ಗಂಟೆಗಳು

“ನಿಂತ್ಕೊಂಡೇ ಮಾತಾಡಮ್ಮ, ಕುರ್ಚಿ ಗಬ್ಬೆದ್ದೋಗುತ್ತೆ,” ಎಂದ ತರಬೇತಿ ಕೇಂದ್ರದ ಪರೀಕ್ಷಕ, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

ಎದುರಿಗಿದ್ದವಳು ಊರಿನ ಮೋರಿ ಬಳಿಯುವವಳು. ಮದುವೆಯಾಗಿ ಬಂದ ಮಾರನೆಯ ದಿನವೇ ಅತ್ತೆಯ ಹಿಂದೆ ಗುಂಡಿಗಿಳಿದವಳು. ಅತ್ತೆ ಈಗ ಕೆಮ್ಮದೆ ಒಂದು ಮಾತನ್ನೂ ಮುಗಿಸಲಾರಳು. ಆ ಕೆಮ್ಮು ತನ್ನೆದೆಗೂ ಇಳಿಯುವ ಮೊದಲು ಗುಂಡಿ ಬಿಟ್ಟು, ಮೋರಿ ತೊಳೆಯುವ ಯಂತ್ರ ಹಿಡಿಯಬೇಕೆಂಬುದು ಸೊಸೆಯ ಆಸೆ. ಯಂತ್ರಕ್ಕೆ ಮೂರನೇ ಹಂತದ ಅರ್ಹತೆ ಬೇಕಿತ್ತು.

ಪರೀಕ್ಷಕ ನಿಯಮವನ್ನು ವಿವರಿಸಿದ. ಕಲಿತ ಗಂಟೆಗಳಿಗೆ ಕ್ರೆಡಿಟ್ಟುಂಟು. ಕ್ರೆಡಿಟ್ಟು ಖಾತೆಯಲ್ಲಿ ಕೂಡಿದಂತೆ ಹಂತ ಏರುತ್ತದೆ. ಹಿಂದೆ ದುಡಿದು ಕಲಿತದ್ದಕ್ಕೂ ಲೆಕ್ಕವುಂಟು. ಆದರೆ ಮೇಲಿನ ಹಂತದವರೊಬ್ಬರು ಪಕ್ಕದಲ್ಲಿ ನಿಂತು ಅದನ್ನು ಕಂಡಿರಬೇಕು.

“ನಮ್ಮತ್ತೆ ಕಂಡವ್ರೆ.”

“ನಿಮ್ಮತ್ತೆದು ಯಾವ ಹಂತ?”

ಅತ್ತೆಗೆ ಹಂತವೆಂಬುದೇ ಇರಲಿಲ್ಲ. ಹೀಗಾಗಿ ಸೊಸೆಯ ಖಾತೆಯಲ್ಲಿ ಸೊನ್ನೆ, ಹಂತ ಒಂದು. ಒಂದನೇ ಹಂತದವಳು ಮೇಲಿನವರಿಲ್ಲದೆ ಕೆಲಸ ಮುಟ್ಟುವುದು ಅಪರಾಧವೆಂದೂ ಆತ ಎಚ್ಚರಿಸಿ ಕಳುಹಿಸಿದ.

ಗೇಟಿನಾಚೆ ಕಾದಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. “ಆ ಮುಂಡೇಮಗ ಕಕ್ಕಸಿಗೆ ಹೋಗಲ್ವೇನೇ? ತಡಿ,” ಎಂದಳು.

ಮುಂದಿನದನ್ನು ಓಣಿಯಲ್ಲಿ ಹಲವು ಬಗೆಯಾಗಿ ಹೇಳುತ್ತಾರೆ. ಅತ್ತೆ ಒಪ್ಪಿದ ಪಾಠ ಇದು.

ಮೇಲಧಿಕಾರಿಗಳು ತಪಾಸಣೆಗೆ ಬರುವ ದಿನವೇ ಕೇಂದ್ರದ ಕಕ್ಕಸು ಕಟ್ಟಿಕೊಂಡು, ಹೊರಗಿನ ಗುಂಡಿ ಉಕ್ಕಿ, ಹೊಲಸು ಜಗಲಿಯ ಕಡೆಗೆ ಹರಿಯತೊಡಗಿತು. ಸೊಸೆಗೆ ಬುಲಾವು ಹೋಯಿತು. ಅವಳು ಬಿದಿರ ದಬ್ಬೆ ಹಿಡಿದು, ಅತ್ತೆಯನ್ನೂ ಕರೆದುಕೊಂಡು ಬಂದಳು. ಇಬ್ಬರೂ ಕಾಂಪೌಂಡಿನ ಮೇಲೆ ಆರಾಮವಾಗಿ ಕುಳಿತರು.

ಪರೀಕ್ಷಕ ಗದರಿದ, ಗೋಗರೆದ, ಕೊನೆಗೆ ಕೈಮುಗಿದ.

“ನಾನು ಒಂದನೇ ಹಂತದೋಳು ಸ್ವಾಮಿ. ಒಬ್ಳೇ ಮುಟ್ಟಂಗಿಲ್ಲ. ನೀವು ಮೇಲಿನ ಹಂತದೋರು, ಬನ್ನಿ, ಪಕ್ಕ ನಿಂತ್ಕೊಳ್ಳಿ, ಕಲೀತೀನಿ.”

ಬೇರೆ ದಾರಿಯಿರಲಿಲ್ಲ. ಪರೀಕ್ಷಕ ಪ್ಯಾಂಟು ಮಡಚಿ ಹೊಲಸಿನಲ್ಲಿ ಕಾಲಿಟ್ಟ. ಕರವಸ್ತ್ರ ಮೂಗಿನಿಂದ ಮೇಲೇರಿ ಕಣ್ಣಿನವರೆಗೂ ಹೋಯಿತು.

“ಮೂಗು ಮುಚ್ಕೊಳ್ಳಿ, ಬೇಡ ಅನ್ನಲ್ಲ,” ಎಂದಳು ಸೊಸೆ. “ಕಣ್ಣು ಮುಚ್ಚಬೇಡಿ. ನೀವು ಕಂಡಿರ್ಬೇಕು.”

ದಬ್ಬೆ ಗುಂಡಿಗಿಳಿಯಿತು. ಒಂದೆರಡು ತಿವಿತಕ್ಕೇ ಕಟ್ಟು ಸಡಿಲಿ ನೀರು ಗುಳುಗುಳು ಎನ್ನುವಷ್ಟರಲ್ಲಿ ಕಾಂಪೌಂಡಿನ ಮೇಲಿಂದ ಅತ್ತೆ ಕೆಮ್ಮಿದಳು.

“ನಿಧಾನಕ್ಕೆ ಕಲಿಯೇ ಮಗಾ. ಎಷ್ಟೊತ್ತು ಕಲಿತ್ರೆ ಅಷ್ಟು ಕ್ರೆಡಿಟ್ಟಂತೆ.”

ಗೇಟಿನಲ್ಲಿ ಮೇಲಧಿಕಾರಿಗಳ ಕಾರು ಹಾರ್ನ್ ಹೊಡೆಯಿತು. ಸೊಸೆ ದಬ್ಬೆಯನ್ನು ಹೊರಗೆಳೆದು, ಸಾವಕಾಶವಾಗಿ ಒರೆಸಿ, ಮತ್ತೆ ಮೊದಲಿನಿಂದ ಕಲಿಯತೊಡಗಿದಳು.