ಭಟ್ರ ದನಿಗೆ ಸಿಕ್ಕಿದ ಮನೆ

ಊಟ ಬಲ್ಲವನಿಗೆ ರೋಗವಿಲ್ಲ, ಮಿಮಿಕ್ರಿ ಬಲ್ಲವನಿಗೆ ಬಾಡಿಗೆಮನೆಗೆ ಬರವಿಲ್ಲ — ಗಾದೆ ಹೀಗಲ್ಲ, ಇರಲಿ, ಕತೆ ಮಾತ್ರ ಸತ್ಯ — ಅಂಗಳದ ಚಾಪೆಯಲ್ಲಿ ಹಲಸಿನ ಹಪ್ಪಳ ಒಣಗುತ್ತಿವೆ, ಬಿಸಿಲಿಗೆ ಕಣ್ಣು ಕಿರಿದಾದರೆ ಒಂದೊಂದೂ ಒಂದು ಮುಖ, ಸಭೆಯೇ ಕೂತು ನನ್ನ ಬಾಯಿ ನೋಡುವ ಹಾಗೆ, ಪಕ್ಕದಲ್ಲಿ ತಂಗಿ ಶಹನಾಝ್, ಸೋಮವಾರ ಮೀಂಜದ ಶಾಲೆಗೆ ಟೀಚರಾಗಿ ಸೇರಬೇಕಾದವಳು, ಕೇಳಿದಲ್ಲೆಲ್ಲ ಹೆಸರು ಹೇಳಿದ ಕೂಡಲೇ ಮನೆ ಇಲ್ಲ ಅನ್ನಿಸಿಕೊಂಡವಳು, ಇಲ್ಲಿಯೂ ಮೊನ್ನೆ ಫೋನಿನಲ್ಲಿ ಅದೇ, ಓ ಅದು ಆಗಿಹೋಯ್ತಲ್ಲ ಟೀಚರೇ — ಆಮೇಲೆ ಅದೇ ನಂಬರಿಗೆ ನಾನು, ಉಪ್ಪಳದ ಬ್ಯಾರಿ ಸಫ್ವಾನ್, ಭಟ್ಟರ ಮನೆಮಾತಿನಲ್ಲಿ, ಮೂಗಿನಲ್ಲಿ ಒಂದು ಚಿಟಿಕೆ ನಶ್ಯ ಇದ್ದವನ ಹಾಗೆ, ಎಂತ ಭಾವ, ಮನೆ ಖಾಲಿ ಇದ್ದಡ ಅಲ್ದೋ, ಎನ್ನ ತಂಗೆ ಟೀಚರು — ಆ ಕಡೆಯ ಸ್ವರ ಕರಗಿ ಬೆಲ್ಲವಾಯಿತು, ಬನ್ನಿ ಭಾವ, ಯಾರ ಪೈಕಿ ಹೇಳಿ ಮತ್ತೆ ಮಾತಾಡುವೊ, ಕೀ ತೆಗದು ಮಡಗುತ್ತೆ. ಆಗಿಹೋದ ಮನೆ ಒಂದೇ ದನಿಗೆ ಮತ್ತೆ ಖಾಲಿಯಾಯಿತು, ಗಂಟಲೊಳಗೆ ಎಷ್ಟು ಮನೆಗಳುಂಟೋ, ಸ್ಟೇಜಿನಲ್ಲಿ ಎಷ್ಟು ಸಲ ಬಾಗಿಲು ತೆರೆದಿದ್ದೇನೆ, ಜಿಪುಣ ಭಟ್ಟರು, ಮಡಿ ಭಟ್ಟರು, ಅವರಿಗಿಂತ ಹೆಚ್ಚು ಚಪ್ಪಾಳೆ ನಮ್ಮದೇ ಬ್ಯಾರಿ ಕಾಕನ ಪಾತ್ರಕ್ಕೆ, ಚೌಕಳಿ ಲುಂಗಿ, ಬಾಟಲಿಗಟ್ಟಲೆ ಅತ್ತರು, ಜನ ಬಿದ್ದು ಬಿದ್ದು ನಗುವುದು, ನಗು ಎಂದರೆ ಸಮುದ್ರ, ಯಾವ ಅಲೆ ಯಾವ ಜಾತಿ ಎಂದು ಯಾರು ಕೇಳುತ್ತಾರೆ, ನಾನು ಮಲಗಿಯೇ ಈಜಿದೆ —

ಬಾಗಿಲು ತೆರೆಯಿತು, ಮನೆಯೊಡೆಯ ಕೇಶವಪ್ರಸಾದರು, ಬೆರಳಿನಲ್ಲಿ ಬೀಗದಕೈ ತೂಗುತ್ತದೆ, ಭಾವ ಎಲ್ಲಿ ಎಂದು ನಮ್ಮನ್ನು ದಾಟಿ ದಾರಿ ನೋಡುತ್ತಾರೆ, ನಾನೇ ಬಾಯಿ ತೆರೆದೆ, ಎಂತ ಭಾವ, ಸೌಖ್ಯವೋ — ಹಪ್ಪಳಗಳೂ ಉಸಿರು ಹಿಡಿದವು, ಅವರ ಮುಖ ಮೊದಲು ಕಲ್ಲು, ಮತ್ತೆ ನೀರು, ಗೋಡೆ ಹಿಡಿದು ನಕ್ಕರು, ನೀನಾ ಮಾರಾಯ, ಆ ಕಾಕನ ವೇಷದ ಜನ ನೀನೇ ಅಲ್ವಾ, ನಿನ್ನ ವಿಡಿಯೋ ನೋಡದೆ ನಮ್ಮಲ್ಲಿ ಊಟ ಇಲ್ಲ, ನಾನೂ ನಕ್ಕೆ, ಸಾಮಾನು ಒಳಗಿಟ್ಟಾಯಿತು ಎಂದೇ ಅನಿಸಿತು, ಹಾಗಾದರೆ ಕೀ ಎಂದೆ. ಕೀಯಾ, ಬೇಜಾರು ಮಾಡ್ಬೇಡ, ನಿನ್ನ ವಿಡಿಯೋದ ಕಾಕ ಮನೆ ಕೇಳ್ಲಿಕ್ಕೆ ಬರುವುದು ಒಬ್ಬನೇ, ಒಳಗೆ ಹೊಗ್ಗುವಾಗ ಒಂದು ಬಸ್ಸು ಜನ, ಸರಿಯಾಗೇ ಹೇಳಿದ್ದಿ, ನಿಮ್ಮವರ ವಿಷಯ ನಿನಗಿಂತ ಹೆಚ್ಚು ನನಗೆ ಗೊತ್ತುಂಟಾ — ಶಹನಾಝ್ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು, ಯಾವ ದನಿಯೂ ಬರುವುದಿಲ್ಲ ನನಗೆ, ನನ್ನದೂ, ಅವರು ಇನ್ನೂ ಜೋರಾಗಿ ನಗುತ್ತಾರೆ, ಕಣ್ಣು ಒರೆಸಿಕೊಂಡು ನಗುತ್ತಾರೆ, ಬೀಗದಕೈ ಅಂಗಿಯ ಕಿಸೆಗೆ ಇಳಿದಿದೆ, ನಕ್ಕಾಗೆಲ್ಲ ಎದೆ ಕುಣಿಯುತ್ತದೆ, ಕಿಸೆ ಕುಣಿಯುತ್ತದೆ, ಕಿಸೆಯೊಳಗೆ ಕೀ ಕುಣಿಯುತ್ತದೆ