ಮೇನ್ ಸ್ವಿಚ್ ಇಲ್ಲದ ಕಟ್ಟಡ

ಸ್ವಿಚ್ ಆರಿಸಿದ ಮೇಲೆ ಲಿಫ್ಟಣ್ಣ ಕುರ್ಚಿಯನ್ನು ಬಾಗಿಲಿನ ಕಡೆಗೆ ತಿರುಗಿಸಿಕೊಂಡು ಕೂತ. ಬಾಲ್ಕನಿಯ ಗೋಡೆಗೆ ಬಡಿದಿದ್ದ ಬಿಳಿ ನೆಟ್ ಪೆಟ್ಟಿಗೆಯ ಹಸಿರು ದೀಪ ನಂದಿತ್ತು. ಇನ್ನು ಬರುತ್ತಾರೆ. ಮೊದಲು ಕೆಳಗಿನ ಮನೆಯ ಟ್ಯೂಷನ್ ಮೇಡಂ ಬರುತ್ತಾಳೆ, ಅವಳ ಪಾಠವೆಲ್ಲ ಇಂಟರ್ನೆಟ್ಟಿನಲ್ಲೇ. ಆಮೇಲೆ ಒಬ್ಬೊಬ್ಬರಾಗಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಾರೆ. ಕಡೆಗೆ ಮೀಟಿಂಗಿನಲ್ಲಿ ಜಗಳವಾಡಿದ ಕಂಡಕ್ಟರೂ ಬರಲೇಬೇಕು. ಬರಲಿ. ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುವುದೆಂದು ಲಿಫ್ಟಣ್ಣ ಆಗಲೇ ತೀರ್ಮಾನಿಸಿದ್ದ.

"ಏನ್ರೀ, ನೆಟ್ ಹೋಯ್ತಾ?" ಒಳಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ದಿಂಬಿನ ಕವರು, ಪರದೆ ಹೊಲಿದುಕೊಡುವ ಹೆಂಡತಿಗೆ ಆರ್ಡರುಗಳೆಲ್ಲ ಫೋನಿನಲ್ಲೇ ಬರುತ್ತಿದ್ದವು. "ಅಳತೆ ನೋಡ್ತಾ ಇದ್ದೆ, ಅರ್ಧಕ್ಕೇ ನಿಂತುಹೋಯ್ತು."

"ಇಡೀ ಬಿಲ್ಡಿಂಗಿಗೇ ಹೋಗಿದೆ," ಎಂದು ಲಿಫ್ಟಣ್ಣ ಗಂಭೀರವಾಗಿ ಹೇಳಿದ.

ಅವನು ನಿವೃತ್ತನಾಗುವವರೆಗೂ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದವನು. ತಮಾಷೆಯೆಂದರೆ ಅವನು ವಾಸವಾಗಿದ್ದ ಕಟ್ಟಡದಲ್ಲಿ ಲಿಫ್ಟೇ ಇರಲಿಲ್ಲ. ಊರಿನ ದೊಡ್ಡ ದೊಡ್ಡ ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರು ಕೋಣೆಗಳಲ್ಲಿ ಅವನ ಆಯಸ್ಸು ಕಳೆದಿತ್ತು. ಅಲ್ಲಿ ಒಂದು ಹಿಡಿ ಕೆಳಗೆ ಎಳೆದರೆ ಸಾಕು, ಮ್ಯಾನೇಜರೂ ಜವಾನನೂ ಒಟ್ಟಿಗೆ ಮೆಟ್ಟಿಲು ಹತ್ತಬೇಕು. ಯಾರಾದರೂ ಮುಖ ಗಂಟಿಕ್ಕಿಕೊಂಡು ಮಾತಾಡಿದರೆ ಆ ಕಟ್ಟಡದ ರಿಪೇರಿ ಸ್ವಲ್ಪ ನಿಧಾನವಾಗುತ್ತಿತ್ತು ಎಂಬುದನ್ನು ಅವನು ಮುಚ್ಚಿಟ್ಟವನಲ್ಲ. ಹಾಗಾಗಿ ಪ್ರಪಂಚದ ಯಾವ ಯಂತ್ರ ಕಂಡರೂ ಅವನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದರ ಮೇನ್ ಎಲ್ಲಿದೆ?

ಪೆಟ್ಟಿಗೆಗಳು ಬಂದದ್ದು ಹಲ್ಲಿನ ಡಾಕ್ಟರಮ್ಮನ ದೆಸೆಯಿಂದ. ಮೂರನೇ ಮಹಡಿಯಲ್ಲಿದ್ದ ಆಕೆಗೆ, ದಿನವಿಡೀ ಬಾಯಿ ತೆರೆದು ಮಲಗಿದವರ ಜೊತೆಗೇ ಮಾತಾಡಿ, ಎದುರಾಡುವವರೇ ಇಲ್ಲವೆಂಬ ಧೈರ್ಯ ಬಂದುಬಿಟ್ಟಿತ್ತೋ ಏನೋ. ಕಟ್ಟಡದವರು ವರ್ಷಗಟ್ಟಲೆ ಫೋಟೋ, ಸುದ್ದಿ, ಜಗಳ ಎಲ್ಲ ಹಾಕಿಕೊಂಡು ಬಂದಿದ್ದ ಇಂಟರ್ನೆಟ್ ಪುಟವನ್ನು ಅದನ್ನು ನಡೆಸುತ್ತಿದ್ದ ಕಂಪನಿ ಒಂದು ದಿನ ಹೇಳದೆ ಕೇಳದೆ ಮುಚ್ಚಿದಾಗ, ಆಕೆ ಮನೆಮನೆಗೂ ಹೋಗಿ ಒಪ್ಪಿಸಿದಳು. ಮನೆಗೊಂದು ಪೆಟ್ಟಿಗೆ. ಕಿಟಕಿಯಿಂದ ಕಿಟಕಿಗೆ ಅವೇ ಮಾತಾಡಿಕೊಳ್ಳುತ್ತವೆ, ಎದುರು ಕಟ್ಟಡದ ಪೆಟ್ಟಿಗೆಗಳಿಗೆ ದಾಟಿಸುತ್ತವೆ, ಅಲ್ಲಿಂದ ಆಚೆ ಬೀದಿಗೆ, ಅದರಾಚೆಗೆ. ಕಟ್ಟಡದ ಹೊಸ ಪುಟದ ಒಂದೊಂದು ಪ್ರತಿ ಎಲ್ಲರ ಮನೆಯಲ್ಲೂ ಇರುತ್ತದೆ, ಹಾಗಾಗಿ ಮುಚ್ಚುವುದು ಯಾರಿಂದಲೂ ಆಗುವುದಿಲ್ಲ. ಮೊದಲ ಪೆಟ್ಟಿಗೆ ಮೇಲಿನ ಮಹಡಿಯ ಲಿಫ್ಟಣ್ಣನ ಬಾಲ್ಕನಿಗೆ ಬಿತ್ತು. ಅದೇ ಮೇನ್ ಎಂದು ಅವನು ಅರ್ಥಮಾಡಿಕೊಂಡ. "ಮೇನ್ ಅಂತ ಯಾವ್ದೂ ಇಲ್ಲ ಅಂಕಲ್," ಎಂದು ಆಕೆ ನಕ್ಕಿದ್ದು ಅವನಿಗೆ ದೊಡ್ಡವರೆದುರಿನ ವಿನಯದ ಹಾಗೆ ಕೇಳಿಸಿತು.

ಜಗಳವಾದದ್ದು ಭಾನುವಾರದ ಮೀಟಿಂಗಿನಲ್ಲಿ. ನೆಟ್ ಕೊಡುವ ಬೇರೊಂದು ಕಂಪನಿ ಬಂದಿತ್ತು. ಪೆಟ್ಟಿಗೆಗಳನ್ನೆಲ್ಲ ತೆಗೆಸಿಬಿಡಿ, ಮೇಲಿನ ಮಹಡಿಯಲ್ಲಿ ನಮ್ಮದೊಂದು ದೊಡ್ಡ ಮೆಷಿನ್ ಇಡುತ್ತೇವೆ, ಮೊದಲ ವರ್ಷ ಪುಕ್ಕಟೆ ಎಂದಿತ್ತು. ಕಂಪನಿಯ ಮನುಷ್ಯ ಮೊದಲೇ ಮನೆಗೆ ಬಂದು, ಲಿಫ್ಟಣ್ಣನನ್ನು ಸಾರ್ ಎಂದು ಕರೆದು, "ನಿಮ್ಮ ಕೈಯಲ್ಲೇ ಬೀಗದ ಕೈ ಇರುತ್ತೆ ಸಾರ್," ಎಂದಿದ್ದ. ಅದನ್ನೇ ನೆನೆದು ಉಬ್ಬಿಹೋಗಿದ್ದ ಲಿಫ್ಟಣ್ಣ ಮೀಟಿಂಗಿನಲ್ಲಿ ಎದ್ದು ನಿಂತು, ತನ್ನ ಪೆಟ್ಟಿಗೆಯಿಂದಲೇ ಎಲ್ಲರಿಗೂ ನೆಟ್ ಇಳಿದುಬರುವುದರಿಂದ ತನ್ನ ಮಾತಿಗೆ ಬೆಲೆ ಕೊಡಬೇಕೆಂದು ಭಾಷಣ ಬಿಗಿದ. ಎರಡನೇ ಮಹಡಿಯ ಕಂಡಕ್ಟರ್ ಕೂತಲ್ಲಿಂದಲೇ ಕೂಗಿದ: "ಲೋ, ಇದು ಲಿಫ್ಟ್ ಅಲ್ಲ ಕಣೋ! ನಿನ್ನ ಹಗ್ಗಕ್ಕೆ ನಾವ್ಯಾರೂ ನೇತಾಡ್ತಿಲ್ಲ."

ಎಲ್ಲರೂ ನಕ್ಕರು. ಟ್ಯೂಷನ್ ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಕೈ ಎತ್ತಿಸಿದಾಗ ಕಂಪನಿಯ ಪರ ಎದ್ದದ್ದು ಲಿಫ್ಟಣ್ಣನ ಕೈ ಒಂದೇ.

ಬೇರೆ ಯಾರಾದರೂ ಅಂದಿದ್ದರೆ ನುಂಗಿಕೊಳ್ಳುತ್ತಿದ್ದನೇನೋ. ಕಂಡಕ್ಟರ್ ಬಸ್ಸು ಬಿಟ್ಟ ದಿನದಿಂದ, ಇವನು ಲಿಫ್ಟು ಬಿಟ್ಟ ದಿನದಿಂದ, ಇಬ್ಬರೂ ಸಂಜೆ ಪಾರ್ಕಿನ ಬೆಂಚಿನಲ್ಲಿ ಒಟ್ಟಿಗೆ ಕೂತವರು. ಕಂಡಕ್ಟರಿಗೆ ಹಿಂದೆಮುಂದೆ ಯಾರೂ ಇಲ್ಲ. ಆಡುವುದಕ್ಕೂ ಬೈಯುವುದಕ್ಕೂ ಇವನೇ. ಅಂಥವನು ಹತ್ತು ಜನರೆದುರು ಮಾನ ತೆಗೆದನಲ್ಲ ಎಂಬುದೇ ಲಿಫ್ಟಣ್ಣನ ಸಿಟ್ಟು. ಬೆಂಚಿಗೆ ಹೋಗುವುದನ್ನು ಬಿಟ್ಟ. ಸೋಮವಾರ ಬೆಳಿಗ್ಗೆ ಸ್ವಿಚ್ ಆರಿಸಿದ.

ಮಧ್ಯಾಹ್ನವಾಯಿತು, ಯಾರೂ ಬರಲಿಲ್ಲ. ಸಂಜೆಯಾಯಿತು. ಲಿಫ್ಟಣ್ಣ ಕಸದ ಚೀಲದ ನೆಪ ಮಾಡಿಕೊಂಡು ಕೆಳಗಿಳಿದ. ಟ್ಯೂಷನ್ ಮೇಡಂ ಮನೆಯೊಳಗಿಂದ ಲ್ಯಾಪ್‌ಟಾಪಿನ ಮಕ್ಕಳು ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿದ್ದರು. ಮೆಟ್ಟಿಲ ಮೇಲೆ ಒಬ್ಬ ಫೋನು ಹಿಡಿದು ಮ್ಯಾಚ್ ನೋಡುತ್ತಾ ಕೂತಿದ್ದ. "ಬರ್ತಾ ಇದೆಯೇನಪ್ಪಾ?" ಎಂದು ಲಿಫ್ಟಣ್ಣ ಕೇಳಿದ. "ಸೂಪರಾಗಿ ಬರ್ತಿದೆ ಅಂಕಲ್," ಎಂದು ಅವನು ತಲೆಯೆತ್ತದೆ ಹೇಳಿದ.

ಲಿಫ್ಟಣ್ಣ ದಡದಡ ಮೇಲೆ ಬಂದು ಪೆಟ್ಟಿಗೆಯನ್ನು ನೋಡಿದ. ಆರಿಯೇ ಇತ್ತು. ಸ್ವಿಚ್ಚಿನ ಮೇಲೆ ನಂಬಿಕೆ ಸಾಲದೆ ಪ್ಲಗ್ಗನ್ನೂ ಕಿತ್ತ. ಮಾರನೆಯ ದಿನವೂ ಮಕ್ಕಳು ಮಗ್ಗಿ ಹೇಳಿದರು. ಅದರ ಮಾರನೆಯ ದಿನವೂ ಹೇಳಿದರು.

ಅವನಿಗೆ ತಲೆಬುಡ ತಿಳಿಯಲಿಲ್ಲ. ಹಗ್ಗ ಕತ್ತರಿಸಿದ ಮೇಲೂ ಲಿಫ್ಟು ಓಡಾಡುವುದು ಅಂದರೇನು? ಯಾರು ಎಳೆಯುತ್ತಿದ್ದಾರೆ ಹಾಗಾದರೆ? ಎಲ್ಲೋ ಇನ್ನೊಂದು ಮೇನ್ ಇದೆ, ಡಾಕ್ಟರಮ್ಮ ತನ್ನಿಂದ ಮುಚ್ಚಿಟ್ಟಿದ್ದಾಳೆ ಎಂದು ಒಮ್ಮೆ ಅನಿಸುತ್ತಿತ್ತು. ಇನ್ನೊಮ್ಮೆ, ತಾನು ಮೊದಲಿನಿಂದಲೂ ಲೆಕ್ಕಕ್ಕೇ ಇರಲಿಲ್ಲವೇನೋ ಅನಿಸುತ್ತಿತ್ತು. ಹಾಗಲ್ಲದಿದ್ದರೆ ಕಂಡಕ್ಟರಾದರೂ ಬರುತ್ತಿರಲಿಲ್ಲವೇ? ನೆಟ್ ಹೋಗದಿದ್ದರೆ ಹಾಳಾಗಲಿ, ಬೆಂಚಿಗೆ ಯಾಕೆ ಬರಲಿಲ್ಲ ಎಂದು ಕೇಳುವುದಕ್ಕಾದರೂ ಬರಬಾರದೇ?

ಹೆಂಡತಿ ಒಂದು ಮಹಡಿ ಇಳಿದು, ಮೆಟ್ಟಿಲ ತಿರುವಿನಲ್ಲಿ ಚಾಪೆ ಹಾಕಿಕೊಂಡು ತನ್ನ ಆರ್ಡರುಗಳನ್ನು ನೋಡತೊಡಗಿದ್ದಳು. "ಕೆಳಗೆ ಚೆನ್ನಾಗೇ ಬರ್ತಿದೆ," ಎಂದು ಮೇಲೆ ಬಂದು ವರದಿ ಒಪ್ಪಿಸಿದಳು. "ಇಡೀ ಬಿಲ್ಡಿಂಗಲ್ಲಿ ಹೋಗಿರೋದು ನಮ್ಮನೇದೊಂದೇ. ಪ್ಲಗ್ ಹಾಕ್ರೀ, ಸಣ್ಣ ಮಕ್ಕಳ ಹಾಗೆ ಆಡ್ಬೇಡಿ."

"ನಿಂಗೆ ಇದೆಲ್ಲ ಅರ್ಥ ಆಗಲ್ಲ, ಸುಮ್ನಿರು."

"ನಿಮಗೆ ಆಗಿದ್ಯಾ?" ಎಂದು ಕೇಳಿ ಅವಳು ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಗುರುವಾರ ಬೆಲ್ ಆಯಿತು. ಲಿಫ್ಟಣ್ಣ ಅಂಗಿಯ ಗುಂಡಿ ಹಾಕಿಕೊಂಡು, ಬೇಕೆಂದೇ ಸ್ವಲ್ಪ ತಡಮಾಡಿ, ಬಾಗಿಲು ತೆಗೆದ. ಡಾಕ್ಟರಮ್ಮ. ಕ್ಲಿನಿಕ್ಕಿನಿಂದ ನೇರ ಬಂದಿದ್ದಳು, ಮಾಸ್ಕು ಇನ್ನೂ ಗಲ್ಲದ ಕೆಳಗೆ ಜೋತಾಡುತ್ತಿತ್ತು.

"ಅಂಕಲ್, ಆರಾಮಿದ್ದೀರಾ? ಆಂಟಿ ಆರಾಮಾ?"

"ಯಾಕೆ? ನೆಟ್ ಬರ್ತಿಲ್ವಾ?"

"ನೆಟ್ ಬರ್ತಿದೆ. ಫೋನಲ್ಲಿ ನಿಮ್ಮ ಪೆಟ್ಟಿಗೆ ಚುಕ್ಕೆ ಹಸಿರಾಗಿ ಕಾಣ್ತಿರಲಿಲ್ಲ, ಅದಕ್ಕೇ ಬಂದೆ. ಯಾರಿಗಾದ್ರೂ ಹುಷಾರಿಲ್ವೇನೋ ಅಂತ. ಮೊದ್ಲೇ ಬರ್ಬೇಕಿತ್ತು, ಕ್ಲಿನಿಕ್ಕಲ್ಲಿ ಬಿಡುವಾಗ್ಲಿಲ್ಲ."

ಕೆಟ್ಟು ನಿಂತ ಲಿಫ್ಟು ಬಿಟ್ಟು ತನ್ನನ್ನು ವಿಚಾರಿಸಿಕೊಂಡವರನ್ನು ಅವನು ಈವರೆಗೆ ಕಂಡಿರಲಿಲ್ಲ. "ಪ್ಲಗ್ಗು ಲೂಸಾಗಿತ್ತು ಅಂತ ಕಾಣುತ್ತೆ," ಎಂದ. ಒಳಕೋಣೆಯಲ್ಲಿ ಹೆಂಡತಿ ಕೆಮ್ಮಿದಳು.

ಡಾಕ್ಟರಮ್ಮ ನೆಲದ ಮೇಲೆ ಬಿದ್ದಿದ್ದ ಪ್ಲಗ್ಗನ್ನು ನೋಡಿದಳು. ಸಿಕ್ಕಿಸಿ, ಸ್ವಿಚ್ ಒತ್ತಿ, ತನ್ನ ಫೋನನ್ನು ಅವನ ಮುಂದೆ ಹಿಡಿದಳು. ಕಪ್ಪು ಪರದೆಯ ತುಂಬ ಹಸಿರು ಚುಕ್ಕೆಗಳು, ಅವುಗಳ ನಡುವೆ ಸಣ್ಣ ಗೆರೆಗಳು. ಮೇಲುಗಡೆ ಒಂಟಿಯಾಗಿ ಬೂದುಬಣ್ಣದ ಒಂದು ಚುಕ್ಕೆ. ನೋಡುತ್ತಿದ್ದ ಹಾಗೆ ಅದು ಹಸಿರಾಯಿತು. ಎದುರು ಕಟ್ಟಡದಿಂದ ಒಂದು ಗೆರೆ ಬಂದು ಅದಕ್ಕೆ ಕೂಡಿಕೊಂಡಿತು. ಕೆಳಗಿನಿಂದ ಒಂದು ಬಂತು, ಪಕ್ಕದಿಂದ ಮತ್ತೊಂದು.

"ನಾನು ಬಂದೆ ಅಂತ ಇವರಿಗೆಲ್ಲ ಯಾರು ಹೇಳಿದ್ರು?"

"ಯಾರೂ ಹೇಳ್ಬೇಕಾಗಿಲ್ಲ. ಇವು ಸುಮ್ನಿರೋದೇ ಇಲ್ಲ ಅಂಕಲ್. ಪ್ರತಿಯೊಂದೂ ಅಕ್ಕಪಕ್ಕದವನ್ನ ಕೇಳ್ತಾನೇ ಇರುತ್ತೆ, ಇದ್ದೀಯಾ, ಇದ್ದೀಯಾ ಅಂತ. ಇದ್ದೀನಿ ಅಂದ್ರೆ ಗೆರೆ ಬೀಳುತ್ತೆ. ಉತ್ತರ ಬರ್ಲಿಲ್ಲ ಅಂದ್ರೆ ಬೇರೆ ದಾರಿ ನೋಡ್ಕೊಳ್ಳುತ್ತೆ."

"ಬೇರೆ ದಾರಿ ಸಿಕ್ಕಿದ ಮೇಲೆ ಕೇಳೋದು ಬಿಡುತ್ತೆ ತಾನೆ?"

"ಇಲ್ಲ, ಕೇಳ್ತಾನೇ ಇರುತ್ತೆ."

ಲಿಫ್ಟಣ್ಣ ಕನ್ನಡಕ ಮೇಲೆತ್ತಿಕೊಂಡು ಬಗ್ಗಿ ನೋಡಿದ. "ಈ ದಪ್ಪ ಗೆರೆ ಯಾರದು?"

"ಕಂಡಕ್ಟರ್ ಅಂಕಲ್ದು. ನಿಮ್ಮ ಬಾಲ್ಕನಿ ನೇರಕ್ಕೆ ಕೆಳಗಡೆ ಅವರ ಕಿಟಕಿ ಅಲ್ವಾ."

"ಇಷ್ಟು ದಿನ ಅವನೂ ಕೇಳ್ತಾ ಇದ್ನಾ?"

"ಅವರ ಪೆಟ್ಟಿಗೆ ಕೇಳ್ತಿತ್ತು," ಎಂದು ಡಾಕ್ಟರಮ್ಮ ತಿದ್ದಿದಳು. ಆ ತಿದ್ದುಪಡಿ ಅವನ ಕಿವಿಯೊಳಗೆ ಹೋಗಲಿಲ್ಲ.

"ಚೆನ್ನಾಗಿದ್ದಾನಂತಾ?"

"ಅವರ ಪೆಟ್ಟಿಗೆ ಒಂದ್ಸಲಾನೂ ಆಫ್ ಆಗಿಲ್ಲ. ಹಸಿರಾಗೇ ಇದೆ ನೋಡಿ," ಎಂದು ಆಕೆ ಚುಕ್ಕೆಯ ಮೇಲೆ ಬೆರಳಿಟ್ಟು ತೋರಿಸಿದಳು.

ಆಕೆ ಹೋದ ಮೇಲೆ ಲಿಫ್ಟಣ್ಣನಿಗೆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಾಯಲ್ಲಿ ಹಗ್ಗ ಗಿಗ್ಗ ಎಂದು ಹೀಯಾಳಿಸಿ, ಒಳಗೊಳಗೇ ಹಗಲೂ ರಾತ್ರಿ ಇದ್ದೀಯಾ ಇದ್ದೀಯಾ ಎಂದು ಕೇಳುತ್ತಿದ್ದವನನ್ನು ಏನು ಮಾಡುವುದು? ಕೇಳುತ್ತಿದ್ದದ್ದು ಪೆಟ್ಟಿಗೆ ಎಂದು ತಲೆಗೆ ಗೊತ್ತಿತ್ತು. ಆದರೂ ಮನೆ ಅವನದು, ಕಿಟಕಿ ಅವನದು. ಲಿಫ್ಟಣ್ಣ ಚಪ್ಪಲಿ ಮೆಟ್ಟಿಕೊಂಡ.

"ಎಲ್ಲಿಗೆ?" ಎಂದಳು ಹೆಂಡತಿ.

"ಇಲ್ಲೇ. ಅವನಿಗೆ ಒಂದು ಮಾತು ಹೇಳಿ ಬರ್ತೀನಿ."

ಎರಡನೇ ಮಹಡಿಗಿಳಿದು ಬೆಲ್ ಒತ್ತಿದ. ಒಳಗೆ ಸದ್ದಿಲ್ಲ. ಇನ್ನೊಮ್ಮೆ ಒತ್ತಿದ. ಬೇಕೆಂದೇ ತಡಮಾಡುತ್ತಿದ್ದಾನೆ ಅಂದುಕೊಂಡ, ಅವನ ಜಾಯಮಾನವೇ ಅದು. ಬಹಳ ಹೊತ್ತಿನ ಮೇಲೆ ಕಾಲೆಳೆಯುವ ಸದ್ದು ಕೇಳಿ, ಚಿಲಕ ಎರಡು ಸಲ ಜಾರಿ, ಬಾಗಿಲು ತೆರೆಯಿತು. ಕಂಡಕ್ಟರ್ ಕಂಬಳಿ ಹೊದ್ದು ಗೋಡೆ ಹಿಡಿದು ನಿಂತಿದ್ದ. ಗಡ್ಡ ಬೆಳೆದಿತ್ತು. ತುಟಿ ಒಡೆದಿತ್ತು.

"ಏನೋ ಇದು?"

"ಜ್ವರ ಕಣೋ. ಮೀಟಿಂಗ್ ಮುಗಿಸ್ಕೊಂಡು ಬಂದು ಮಲಗಿದವನು, ಏಳೋಕೇ ಆಗ್ಲಿಲ್ಲ."

"ಯಾರಿಗಾದ್ರೂ ಒಂದು ಫೋನ್ ಮಾಡ್ಬಾರ್ದಾ?"

"ಫೋನ್ ನೋಡಿದ್ರೆ ಕಣ್ಣು ಕತ್ತಲೆ ಬರ್ತಿತ್ತು." ಕಂಡಕ್ಟರ್ ತಡವರಿಸಿಕೊಂಡು ಹೋಗಿ ಹಾಸಿಗೆಯ ಮೇಲೆ ಕುಸಿದ. "ನಾನು ಬೆಂಚಿಗೆ ಬರ್ಲಿಲ್ಲ ಅಂದ್ರೆ ನೀನೇ ಬಂದು ಬಾಗಿಲು ಬಡೀತೀಯ ಅಂದ್ಕೊಂಡೆ. ಆಮೇಲೆ ನೆನಪಾಯ್ತು, ನಾವು ಜಗಳ ಆಡಿದ್ದೀವಲ್ಲ."

ಲಿಫ್ಟಣ್ಣ ಅವನ ಹಣೆಯ ಮೇಲೆ ಕೈಯಿಟ್ಟ. ಸುಡುತ್ತಿತ್ತು. ಹಾಸಿಗೆಯ ಪಕ್ಕ ಒಣಗಿದ ಲೋಟ, ಅರ್ಧ ಖಾಲಿಯಾದ ಬಿಸ್ಕತ್ತಿನ ಪೊಟ್ಟಣ. ತಲೆಯ ಮೇಲಿನ ಕಿಟಕಿಯಲ್ಲಿ ಪೆಟ್ಟಿಗೆ ಒಂದೇ ಸಮನೆ ಹಸಿರಾಗಿ ಮಿನುಗುತ್ತಿತ್ತು. ಡಾಕ್ಟರಮ್ಮ ಬೆರಳಿಟ್ಟು ತೋರಿಸಿದ್ದು ಇದನ್ನೇ. ಅವನು ಅದನ್ನೊಮ್ಮೆ, ಹಾಸಿಗೆಯ ಮೇಲಿದ್ದವನನ್ನೊಮ್ಮೆ ನೋಡಿದ.

"ಡಾಕ್ಟರಮ್ಮನ್ನ ಕರೀತೀನಿ," ಎಂದ.

"ಹಲ್ಲು ಕೀಳಿಸೋಕಾ?"

"ಅವಳು ಯಾರನ್ನಾದ್ರೂ ಕಳಿಸ್ತಾಳೆ. ಬಾಯಿ ಮುಚ್ಕೊಂಡು ಮಲಗು."

ಫೋನು ಮಾಡಿ, ಕಂಬಳಿ ಸರಿಪಡಿಸಿ, ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದ. ಬೇರೆಯವರ ಮನೆಯ ಪಾತ್ರೆ, ಯಾವುದು ಎಲ್ಲಿದೆ ಎಂದು ತಿಳಿಯದು. ಡಬ್ಬಿಗಳನ್ನು ಸರಿಸಿದ, ಒಂದು ಮುಚ್ಚಳ ಬೀಳಿಸಿದ. ಕೊನೆಗೆ ಪಾತ್ರೆ ಸಿಕ್ಕಿ, ನೀರು ಹಿಡಿದು ಒಲೆಯ ಮೇಲಿಟ್ಟ. ಹಾಸಿಗೆಯ ಕಡೆಯಿಂದ ಸದ್ದೇ ಬರಲಿಲ್ಲ.

"ಲೋ, ಎಚ್ಚರ ಇದ್ದೀಯಾ?" ಎಂದು ಅಲ್ಲಿಂದಲೇ ಕೂಗಿದ.

"ಹೂಂ," ಎಂದಿತು ಒಳಗಿನ ದನಿ.

ನೀರು ಇನ್ನೂ ಬಿಸಿಯಾಗಿರಲಿಲ್ಲ. ಲಿಫ್ಟಣ್ಣ ಒಲೆಯ ಮುಂದೆ ನಿಂತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದ.