ಇಸೌರಾ ಕೆತ್ತಿದ ಬೆನ್ನುಪಟ್ಟಿ

ನಮ್ಮ ಮಸಾತೆಪೆ ಊರಿನಲ್ಲಿ ಮರಗೆಲಸ ಇಲ್ಲದ ಬೀದಿಯಿಲ್ಲ. ಎವೆಲಿಯೊ ಕಾನೊ ಮಾಡುವ ತೂಗುಕುರ್ಚಿಗಳಿಗೆ ಬೆತ್ತ ಹೆಣೆದುಕೊಡುವುದು ನನ್ನ ಕೆಲಸ. ಅವನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹಾಗಾಗಿ ಇದರಲ್ಲಿ ಹೆಚ್ಚಿನದು ನಾನು ಕಣ್ಣಾರೆ ಕಂಡದ್ದು, ಉಳಿದದ್ದು ಅವನ ನಾದಿನಿ ಪಸ್ತೋರಾ ಹೇಳಿದ್ದು.

ಕುರ್ಚಿಯ ಕಾಲು, ಕೈ, ಚೌಕಟ್ಟು ಎವೆಲಿಯೊನ ಪಾಲಿನವು. ತಲೆ ಒರಗುವ ಜಾಗದಲ್ಲಿ ಕೂರಿಸುವ ಬೆನ್ನುಪಟ್ಟಿಯನ್ನು ಕೆತ್ತುತ್ತಿದ್ದವಳು ಅವನ ಹೆಂಡತಿ ಇಸೌರಾ. ಕಾಫಿ ಗಿಡದ ಒಂದು ರೆಂಬೆ, ಅದರ ಎಲೆಗಳು, ಎಲೆಗಳ ಬುಡದಲ್ಲಿ ಹಣ್ಣಿನ ಗೊಂಚಲು. ಮರದ ಮೇಲೆ ಗೆರೆಯನ್ನೂ ಎಳೆದುಕೊಳ್ಳದೆ ನೇರ ಉಳಿ ಇಡುತ್ತಿದ್ದಳು. ಕೆತ್ತುತ್ತಲೇ ರೇಡಿಯೊದಲ್ಲಿ ವಾರ್ತೆ ಓದುವವನ ಜೊತೆ ಜಗಳ ಆಡುತ್ತಿದ್ದಳು. ಆ ಜಗಳ ಗೋಡೆ ದಾಟಿ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು.

ಕಾಫಿ ಕೊಯ್ಲು ನಡೆಯುತ್ತಿದ್ದಾಗ ಎದೆನೋವು ಬಂದು ಒಂದೇ ದಿನದಲ್ಲಿ ಅವಳು ಹೋಗಿಬಿಟ್ಟಳು. ಶವಪೆಟ್ಟಿಗೆಯನ್ನು ಎವೆಲಿಯೊನೇ ಮಾಡಿದ. ಹೊರಗಿನಷ್ಟೇ ನಯವಾಗಿ ಒಳಗೂ ಕೀಸುತ್ತ ಕೂತಿದ್ದ. ಒಳಗೆ ಯಾರು ನೋಡುತ್ತಾರೆ, ಹೊತ್ತಾಯಿತು ಎಂದು ನಾನು ಹೇಳಿದೆ. ಸಿಬಿರು ಚುಚ್ಚುತ್ತದೆ ಎಂದ, ಅಷ್ಟೇ. ಮಣ್ಣಿನಲ್ಲಿ ಇಡುವಾಗಲೂ ಅಳಲಿಲ್ಲ. ಊರವರು ಗಟ್ಟಿ ಮನುಷ್ಯ ಎಂದರು. ಮಾರನೆಯ ವಾರ ಎಂದಿನಂತೆ ಕೆಲಸಕ್ಕೆ ಕೂತ, ಆದರೆ ಕೆತ್ತನೆಯಿಲ್ಲದ ಬೋಳು ಕುರ್ಚಿಗಳನ್ನು ಮಾಡತೊಡಗಿದ. ಮಾತಾಡಿಸಿದರೆ ಉತ್ತರ ಕೊಡುತ್ತಿದ್ದ, ನಕ್ಕರೆ ನಗುತ್ತಿದ್ದ. ಒಳಗೆ ಮಾತ್ರ ಏನೋ ಮರಗಟ್ಟಿ ಹೋಗಿತ್ತು.

ಮಳೆಗಾಲಕ್ಕೆ ಮುಂಚೆ, ಊರವರೆಲ್ಲ ಗೌರವದಿಂದ ದೊನ್ಯಾ ಎನ್ನುವ ಮುದುಕಿ, ದೊನ್ಯಾ ಒತಿಲಿಯಾ, ಅವನಿಗೆ ಹೇಳಿಕಳಿಸಿದಳು. ಊರಾಚೆ ಅವಳ ಕಾಫಿ ತೋಟ ಇದೆ. ತೋಟದ ಹಿಂದಿನ ಹಳೆಯ ಕೊಟ್ಟಿಗೆಯನ್ನು ಖಾಲಿ ಮಾಡಿಸಿ ಅಲ್ಲಿ ಬೀಜ ಒಣಗಿಸಬೇಕೆಂದು ಅವಳ ಯೋಚನೆ. ಒಳಗಿರುವ ಮರದಲ್ಲಿ ಸೌದೆ ಯಾವುದು, ಕೆಲಸಕ್ಕೆ ಬರುವುದು ಯಾವುದು, ಒಮ್ಮೆ ನೋಡಿ ಹೇಳು ಎಂದಳು.

ತುಕ್ಕು ಹಿಡಿದ ತಗಡುಗಳನ್ನು ಸರಿಸಿದಾಗ ಕೆಳಗೆ ಒಂದರ ಮೇಲೊಂದು ಹಲಗೆಗಳಿದ್ದವು. ನಡುವೆ ಗಾಳಿಯಾಡಲಿ ಎಂದು ಯಾರೋ ತೆಳು ಪಟ್ಟಿಗಳನ್ನಿಟ್ಟು ಪೇರಿಸಿದ್ದರು. ಎವೆಲಿಯೊ ಚಾಕುವಿನ ತುದಿಯಿಂದ ಒಂದು ಹಲಗೆಯನ್ನು ಕೆರೆದ. ಬೂದು ಬಣ್ಣದ ಕೆಳಗೆ ಕೆಂಪು ಕಾಣಿಸಿತು. ಹಳೆಯ ಕಾಡಿನ ಮಹಾಗನಿ. ಒಂದೊಂದು ಹಲಗೆಯೂ ಮನೆಬಾಗಿಲಿನಷ್ಟು ಅಗಲ, ಎಲ್ಲೂ ಒಂದು ಗಂಟಿಲ್ಲ. ಅಂಥ ಮರವನ್ನು ಅವನು ನೋಡಿದ್ದು ತನ್ನ ಅಪ್ಪನ ಕಾಲದಲ್ಲಿ. ಗೋಡೆ ಬದಿಗೆ ಗೋಣಿ ಹೊದೆಸಿದ್ದ ಇನ್ನೊಂದು ವಸ್ತುವಿತ್ತು. ಗೋಣಿ ಎಳೆದರೆ ಎರಕದ ಕಬ್ಬಿಣದ ಕೆತ್ತನೆ ಯಂತ್ರ. ದೊನ್ಯಾ ಒತಿಲಿಯಾಳ ಮಾವ ಒಂದು ಕಾಲದಲ್ಲಿ ಪೀಠೋಪಕರಣದ ಕಾರ್ಖಾನೆ ತೆರೆಯುವ ಆಸೆಯಿಂದ ಹಡಗಿನಲ್ಲಿ ತರಿಸಿದ್ದಂತೆ. ಕೆಲಸ ಶುರುವಾಗುವ ಮೊದಲೇ ಯುದ್ಧ ಬಂತು, ಜನ ಚದುರಿದರು, ಮಾವನೂ ತೀರಿಕೊಂಡ.

ಇದು ಸೌದೆಯಲ್ಲ, ಇದಕ್ಕೆ ಭಾರಿ ಬೆಲೆಯಿದೆ ಎಂದು ಎವೆಲಿಯೊ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮುದುಕಿ ಅವನ ಮುಖ ನೋಡಿ, ನಾನು ಸಾಯುವವರೆಗೆ ಮಲಗಲು ಒಂದು ಒಳ್ಳೆಯ ಮಂಚ ಮಾಡಿಕೊಡು, ಮಿಕ್ಕಿದ್ದೆಲ್ಲ ನೀನೇ ಒಯ್ಯಿ ಎಂದಳು. ಬೇರೆ ಯಾರಾದರೂ ಆಗಿದ್ದರೆ ಸೌದೆ ಎಂದೇ ಹೇಳಿ ಹೊತ್ತುಕೊಂಡು ಹೋಗಿರುತ್ತಿದ್ದರು ಎಂಬುದು ಅವಳಿಗೂ ಗೊತ್ತಿತ್ತು.

ನಮ್ಮ ಬೀದಿಯಲ್ಲೇ ಇರುವ ಲಿಸಾಂದ್ರೊನ ಲಾರಿಯಲ್ಲಿ ಅದನ್ನೆಲ್ಲ ತಂದೆವು. ಯಂತ್ರ ಇಳಿಸುವಾಗ ಇಡೀ ಬೀದಿಯೇ ಕೈಹಾಕಿತು. ಬಡಗಿಗಳು ಬಂದು ಹಲಗೆಗಳನ್ನು ತಟ್ಟಿ ನೋಡಿದರು, ಮೂಸಿ ನೋಡಿದರು, ಒಬ್ಬಿಬ್ಬರು ಹೊಟ್ಟೆಕಿಚ್ಚನ್ನು ಮುಚ್ಚಿಡಲೂ ಹೋಗಲಿಲ್ಲ. ಎವೆಲಿಯೊ ಕೇಳಿದವರಿಗೆಲ್ಲ ಒಂದೇ ರೀತಿ ಉತ್ತರ ಕೊಡುತ್ತ ಗೋಡೆಗೊರಗಿ ನಿಂತಿದ್ದ.

ಲಿಸಾಂದ್ರೊ ಹಗ್ಗ ಸುತ್ತುತ್ತ, "ಏನ್ ಮೇಸ್ತ್ರಿ, ಲಾಟರಿ ಹೊಡ್ದೋನ ಮುಖ ಹಿಂಗಿರುತ್ತಾ? ನಂಗೇನಾದ್ರೂ ಸಿಕ್ಕಿದ್ರೆ ಈ ಹೊತ್ತಿಗೆ ಕುಡ್ದು ಚರಂಡೀಲಿ ಬಿದ್ದಿರ್ತಿದ್ದೆ," ಎಂದ.

"ಏನಿಲ್ದೇನೂ ಬಿದ್ದಿರ್ತೀಯಲ್ಲ," ಎಂದ ಎವೆಲಿಯೊ. ಎಲ್ಲರೂ ನಕ್ಕರು. ಅವನೂ ತುಟಿ ಅಗಲಿಸಿದ.

ಯಂತ್ರವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಜೋಳದ ಗಿರಣಿಯವರ ಹಳೆಯ ಬೆಲ್ಟು ಹಾಕಿ, ಒಂದು ಮೋಟಾರು ಕೂಡಿಸಿದ. ಅದು ಕೆಲಸ ಮಾಡುವ ಬಗೆ ಹೀಗೆ: ನಡುವೆ ಮೊಂಡು ತುದಿಯ ಒಂದು ಕಬ್ಬಿಣದ ಮುಳ್ಳು, ಅದರ ಆಚೆ ಈಚೆ ಎರಡೆರಡು ತಿರುಗುವ ಉಳಿಗಳು. ಕೆತ್ತಿದ ಮಾದರಿಯೊಂದನ್ನು ನಡುವೆ ಬಿಗಿದು ಮುಳ್ಳನ್ನು ಅದರ ಮೇಲೆ ಆಡಿಸಿದರೆ, ಅದು ಏರಿದಲ್ಲಿ ಉಳಿಗಳೂ ಏರುತ್ತವೆ, ಇಳಿದಲ್ಲಿ ಇಳಿಯುತ್ತವೆ. ನಾಲ್ಕು ಹಲಗೆಗಳ ಮೇಲೆ ಅದೇ ಕೆತ್ತನೆ ಒಟ್ಟಿಗೆ ಮೂಡುತ್ತದೆ.

ಮಾದರಿ ಬೇಕಿತ್ತು. ಇಸೌರಾ ಕೊನೆಯದಾಗಿ ಕೆತ್ತಿದ ಬೆನ್ನುಪಟ್ಟಿಯೊಂದು ಯಾವ ಕುರ್ಚಿಗೂ ಏರದೆ ಕಿಟಕಿಯ ಮೇಲೆ ಉಳಿದಿತ್ತು. ಎವೆಲಿಯೊ ಅದನ್ನು ತೆಗೆದು, ದೂಳು ಒರೆಸಿ, ಯಂತ್ರದ ನಡುವೆ ಬಿಗಿದ. ಆ ಹೊತ್ತಿಗೆ ಪಸ್ತೋರಾ ಊಟದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಕ್ಕ ಹೋದಾಗಿನಿಂದ ದಿನಾ ಭಾವನಿಗೆ ಊಟ ತರುತ್ತಿದ್ದವಳು ಅವಳೇ. ಪಾತ್ರೆಯನ್ನು ಒಳಗಿಟ್ಟು ಯಂತ್ರದ ಪಕ್ಕಕ್ಕೆ ಬಂದಳು.

ಮಧ್ಯಾಹ್ನದ ಹೊತ್ತಿಗೆ ಇಸೌರಾಳ ರೆಂಬೆ ನಾಲ್ಕು ಮಹಾಗನಿ ಪಟ್ಟಿಗಳ ಮೇಲೆ ಬಂದಿತ್ತು. ಅವಳ ಎಡಬದಿಯ ಎಲೆ ಯಾವಾಗಲೂ ಬಲಬದಿಯದಕ್ಕಿಂತ ಚೂರು ದೊಡ್ಡದಾಗುತ್ತಿತ್ತು. ಅದೂ ಹಾಗೇ ಬಂದಿತ್ತು. ನೋಡಲು ಬಂದಿದ್ದ ಲಿಸಾಂದ್ರೊ ಗೌರವದಿಂದ ಟೋಪಿ ತೆಗೆದ. ಪಸ್ತೋರಾ ಕಣ್ಣೊರೆಸಿಕೊಂಡಳು. ಎವೆಲಿಯೊ ಅಳತೆಪಟ್ಟಿ ಹಿಡಿದು ಆಳ ನೋಡಿ, ಸರಿಯಿದೆ ಎಂದು, ಇನ್ನು ನಾಲ್ಕು ಪಟ್ಟಿಗಳನ್ನು ಬಿಗಿದ.

ಆಮೇಲೆ ಕೆಲಸಕ್ಕೆ ಬಿಡುವೇ ಇರಲಿಲ್ಲ. ಗ್ರನಾದಾ ಪಟ್ಟಣದ ಹೋಟೆಲಿನವರು ಜಗುಲಿಗೆಲ್ಲ ಆ ಕುರ್ಚಿಯೇ ಬೇಕೆಂದರು. ಬೆತ್ತ ಹೆಣೆದು ಹೆಣೆದು ನನ್ನ ಬೆರಳುಗಳು ಒಡೆದವು. ಪಸ್ತೋರಾ ಉಪ್ಪುಕಾಗದ ತಿಕ್ಕಲು ಬರತೊಡಗಿದಳು. ಜನ ಎವೆಲಿಯೊನ ಅದೃಷ್ಟದ ಮಾತಾಡುತ್ತಿದ್ದರು. ಅವನು ಬೆಳಿಗ್ಗೆ ಮೋಟಾರು ಹಾಕಿ, ಸಂಜೆ ಆರಿಸಿ, ಹೊಟ್ಟು ಗುಡಿಸಿ ಮಲಗುತ್ತಿದ್ದ.

ಒಂದು ದಿನ ನಾನು ಅಂಗಳದಲ್ಲಿ ಬೆತ್ತ ನೆನೆಸುತ್ತಿದ್ದೆ. ಕರೆಂಟು ಹೋಗಿ ಯಂತ್ರ ನಿಂತಿತು. ಯಂತ್ರದ ಮೇಲಿನ ಹೊಟ್ಟು ಒರೆಸಲು ಹೋದ ಪಸ್ತೋರಾ ಮಾದರಿಯ ಮೇಲೆ ಬೆರಳಾಡಿಸಿ ಹಾಗೇ ನಿಂತುಬಿಟ್ಟಳು. ಇಸೌರಾ ಉಳಿಯ ತುದಿಯಿಂದ ಕೊರೆದ ಎಲೆಯ ನರಗಳು ಅಳಿಸಿಹೋಗಿದ್ದವು. ಚೂಪಾಗಿದ್ದ ಅಂಚುಗಳು, ಮುಳ್ಳು ಓಡಾಡಿ ಓಡಾಡಿ, ಸೋಪಿನ ತುಂಡಿನಂತೆ ಉರುಟಾಗಿ ಹೊಳೆಯುತ್ತಿದ್ದವು.

"ಭಾವ, ಇದು ಸವೀತಾ ಇದೆ," ಎಂದಳು.

"ಗೊತ್ತು."

"ಯಾವಾಗಿಂದ ಗೊತ್ತು?"

"ಮೊದಲಿಂದಾನೇ. ಮುಳ್ಳು ಉಜ್ಜಿದ್ರೆ ಮರ ಸವೀದೆ ಇರುತ್ತಾ?"

"ಗೊತ್ತಿದ್ದೂ ಓಡಿಸ್ತಾನೇ ಇದ್ರಾ?"

ಎವೆಲಿಯೊ ಸ್ಟೂಲಿನ ಮೇಲೆ ಕೂತ. ತೊಡೆಯ ಮೇಲಿನ ಹೊಟ್ಟನ್ನು ಕೊಡವಿಕೊಂಡ. "ಮೊದಲ್ನೇ ಸಲ ಎಲೆಯ ನರ ಹೋಗಿದ್ದು ನೋಡ್ದಾಗ, ಈಗ ಏನಾದ್ರೂ ಅನ್ನಿಸ್ಬಹುದು ಅಂದ್ಕೊಂಡೆ ಪಸ್ತೋರಾ. ಏನೂ ಅನ್ನಿಸ್ಲಿಲ್ಲ. ಇನ್ನೂ ಸ್ವಲ್ಪ ಸವೆದ್ರೆ ಅನ್ನಿಸ್ಬಹುದು ಅಂತ ಕಾದೆ. ಪೆಟ್ಟಿಗೆ ಮಾಡ್ದಾಗ್ಲೂ ಹಾಗೇ ಕಾದಿದ್ದೆ. ನನ್ನೊಳಗೆ ಯಾರೂ ಇಲ್ಲ ಅನ್ನೋ ಹಾಗಿದೆ."

ನಾನು ಕೈಯಲ್ಲಿದ್ದ ಬೆತ್ತವನ್ನು ನೀರಿನಲ್ಲೇ ಬಿಟ್ಟೆ. ಪಸ್ತೋರಾ ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಮಾದರಿಯನ್ನು ಬಿಗಿದಿದ್ದ ತಿರುಪು ಸಡಿಲಿಸಲು ನೋಡಿದಳು, ಆಗಲಿಲ್ಲ. ಎವೆಲಿಯೊನೇ ಎದ್ದು ಬಿಚ್ಚಿಕೊಟ್ಟ. ಅವಳು ಸೊಂಟಕ್ಕೆ ಕಟ್ಟಿಕೊಂಡಿದ್ದ ಏಪ್ರನ್ ಬಿಚ್ಚಿ ಪಟ್ಟಿಯನ್ನು ಅದರಲ್ಲಿ ಸುತ್ತಿದಳು.

"ನಂಗನ್ನಿಸ್ತದೆ ಭಾವ. ಅನ್ನಿಸೋರ ಮನೇಲಿ ಇದು ಇರ್ಲಿ. ನೋಡ್ಬೇಕು ಅನ್ನಿಸ್ದಾಗ ಬನ್ನಿ. ಅನ್ನಿಸ್ದೇ ಇದ್ರೂ ಬನ್ನಿ," ಎಂದು ಹೊರಟುಹೋದಳು.

ಹೋಟೆಲಿನ ಕೆಲಸವನ್ನು ಅವನು ಅರ್ಧಕ್ಕೆ ಬಿಡಲಿಲ್ಲ. ಯಂತ್ರದಲ್ಲೇ ಮೂಡಿದ ಪಟ್ಟಿಯೊಂದನ್ನು ನಡುವೆ ಬಿಗಿದು ಮುಂದುವರಿಸಿದ. ನಕಲಿನ ನಕಲು ಇನ್ನಷ್ಟು ಮೆತ್ತಗೆ ಬಂತು, ಹಣ್ಣುಗಳೆಲ್ಲ ಬಟಾಣಿಯಂತಾದವು. ಕೊಂಡವರಿಗೆ ಅದು ತಿಳಿಯಲಿಲ್ಲ. ಆ ಕೆಲಸ ಮುಗಿದ ಮೇಲೆ ಬೆನ್ನುಪಟ್ಟಿಗೆ ಯಂತ್ರ ಹಚ್ಚಲಿಲ್ಲ. ದೊನ್ಯಾ ಒತಿಲಿಯಾಳ ಮಂಚಕ್ಕೆ ಕೂತ. ಎಲ್ಲಕ್ಕಿಂತ ಅಗಲವಾದ ಹಲಗೆಯನ್ನು ತಲೆಯ ಕಡೆಗೆ ಇಡಿಯಾಗಿ ಇಟ್ಟು, ಅದರ ಮೇಲೆ ಒಂದು ಗೆರೆಯನ್ನೂ ಕೆತ್ತದೆ, ಕೈಯಿಂದಲೇ ಕೀಸಿ ಮೆರುಗು ಕೊಟ್ಟ. ಮುದುಕಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಇದರ ಮೇಲೆ ಮಲಗಲು ಮನಸ್ಸಾಗುವುದಿಲ್ಲ ಎಂದಳಂತೆ.

ಮಳೆ ಹಿಡಿದ ಒಂದು ಭಾನುವಾರ ಎವೆಲಿಯೊ ಪಸ್ತೋರಾಳ ಮನೆಗೆ ಹೋದ. ಬೆನ್ನುಪಟ್ಟಿ ಅವಳ ಊಟದ ಮೇಜಿನ ಮೇಲಿನ ಗೋಡೆಯಲ್ಲಿತ್ತು. ಅದರತ್ತ ಅವನು ನೋಡಿದನೋ ಇಲ್ಲವೋ ಅವಳಿಗೂ ಗೊತ್ತಾಗಲಿಲ್ಲ. ಭಾನುವಾರದ ಮೊಂದೊಂಗೊ ಸಾರು ಕುದಿಯುತ್ತಿತ್ತು. ದನದ ಬೋಟಿಯನ್ನು ನಿಂಬೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದು ಅವಳು ಬೆಳಿಗ್ಗೆಯಿಂದ ಬೇಯಿಸಿದ್ದಳು. ಬಟ್ಟಲು ಇಟ್ಟಳು. ಅವನು ಎರಡು ಚಮಚ ಕುಡಿದು ನಿಲ್ಲಿಸಿದ.

"ಉಪ್ಪು ಕಮ್ಮಿ," ಎಂದ.

ಪಸ್ತೋರಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಇಷ್ಟು ದಿನ ಏನ್ ಕೊಟ್ರೂ ತಿಂದು ಪಾತ್ರೆ ವಾಪಸ್ ಕೊಡ್ತಿದ್ರಿ. ಒಂದಿನ ಸೀದು ಕರಿಕಾದ ಅನ್ನಾನೂ ತಂದಿದ್ದೆ, ಬೇಕಂತಾನೇ. ಅದನ್ನೂ ತಿಂದ್ರಿ."

"ಸೀದಿತ್ತಾ?"

"ಹೂಂ."

ಅವನು ಯೋಚಿಸಿದ. ನೆನಪಿಲ್ಲ ಎಂದ. ಅವಳು ಉಪ್ಪಿನ ಡಬ್ಬಿ ತಳ್ಳಿದಳು. ಅವನು ಚಿಟಿಕೆ ಹಾಕಿ, ಕಲಕಿ, ರುಚಿ ನೋಡಿ, ಇನ್ನೊಂದು ಚಿಟಿಕೆ ಹಾಕಿಕೊಂಡ. ಹೊರಗೆ ಮಳೆ ಜೋರಾಗಿತ್ತು. ಮೋಟೋಟ್ಯಾಕ್ಸಿ ಸಿಗಲಿಕ್ಕಿಲ್ಲ, ಮಳೆ ನಿಲ್ಲುವವರೆಗೆ ಇಲ್ಲೇ ಇರಿ ಎಂದಳು. ಇದ್ದ.